ಒಂದು ಸ್ವರದೊಳಗೆ ಎಷ್ಟು ಸ್ವರ: ಜೊನಾಥನ್ ಹಾರ್ವೆಯ ಬದುಕು ಮತ್ತು ಸಂಗೀತ

ಬ್ರಿಟಿಷ್ ಸಂಗೀತವೆಂದರೆ ನಮ್ಮಲ್ಲಿ ಮಾತು ಸಾಮಾನ್ಯವಾಗಿ ಬೀಟಲ್ಸ್‌ನಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರುಚಿ ಇರುವವರು ಬೆಂಜಮಿನ್ ಬ್ರಿಟನ್ ತನಕ ಬರುತ್ತಾರೆ. ಬ್ರಿಟನ್ ತೀರಿಕೊಂಡದ್ದು 1976ರಲ್ಲಿ. ಅವನ ನಂತರದ ತಲೆಮಾರಿನಲ್ಲಿ ಹ್ಯಾರಿಸನ್ ಬರ್ಟ್‌ವಿಸಲ್, ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್, ಜಾನ್ ಟ್ಯಾವನರ್, ಜೊನಾಥನ್ ಹಾರ್ವೆ ಎಂದು ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ನಡೆದರು. ಇವರಲ್ಲಿ ಹಾರ್ವೆಯನ್ನು ನಾವು ತಿಳಿದುಕೊಳ್ಳಲೇಬೇಕು ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಋಗ್ವೇದದ ಮಂತ್ರಗಳು, ಟ್ಯಾಗೋರರ ಗೀತಾಂಜಲಿ, ಬುದ್ಧನ ಶಿಷ್ಯ ಆನಂದ ಮತ್ತು ಚಂಡಾಲ ಹುಡುಗಿ ಪ್ರಕೃತಿಯ ಕಥೆ, ಟಿಬೆಟಿನ ಭಿಕ್ಷುಗಳ ಉದ್ದನೆಯ ಕೊಂಬು, ಇವೆಲ್ಲ ಅವನ ಕೃತಿಗಳಲ್ಲಿ ಬರುತ್ತವೆ ಎಂಬುದು ಒಂದು ಕಾರಣ. ಇವುಗಳಲ್ಲಿ ಯಾವುದನ್ನೂ ಆತ ಅಲಂಕಾರಕ್ಕೆಂದು ತರಲಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಹಾರ್ವೆಯ ಬಗ್ಗೆ ಬರೆದವರಲ್ಲಿ ಎರಡು ಬಗೆಯವರು ಸಿಗುತ್ತಾರೆ. ಒಂದು ಬಗೆಯವರಿಗೆ ಆತ ಅನುಭಾವಿ. ಕ್ರೈಸ್ತ ಚರ್ಚಿನಲ್ಲಿ ಹಾಡಿ ಬೆಳೆದು, ರುಡಾಲ್ಫ್ ಸ್ಟೈನರನನ್ನು ಓದಿ, ಧ್ಯಾನ ಕಲಿತು, ಬೌದ್ಧಮಾರ್ಗಕ್ಕೆ ಬಂದವನು. ಇನ್ನೊಂದು ಬಗೆಯವರಿಗೆ ಆತ ಯಂತ್ರದ ಮನುಷ್ಯ. ಪ್ಯಾರಿಸ್ಸಿನ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಮುಂದೆ ಕುಳಿತು ನಾದವನ್ನು ಬಿಡಿಸಿ ಕಟ್ಟಿದವನು. ಮೊದಲಿನವರು ಯಂತ್ರದ ವಿಷಯವನ್ನು ಬೇಗ ದಾಟಿಹೋಗುತ್ತಾರೆ, ಎರಡನೆಯವರು ಧ್ಯಾನದ ವಿಷಯಕ್ಕೆ ಸ್ವಲ್ಪ ಮುಜುಗರ ಪಡುತ್ತಾರೆ. ಈ ಎರಡೂ ಓದು ಅರ್ಧಕ್ಕೇ ನಿಲ್ಲುತ್ತವೆ ಎಂಬುದು ನನ್ನ ಅಭಿಪ್ರಾಯ. ಒಂದು ವಸ್ತು ಹೊರಗಿನಿಂದ ಗಟ್ಟಿಯಾಗಿ, ಒಂದಾಗಿ ಕಂಡರೂ ಒಳಗೆ ಹಾಗಿಲ್ಲ ಎಂಬ ಮಾತನ್ನು ಹಾರ್ವೆ ಧ್ಯಾನದಲ್ಲಿ ಹುಡುಕುತ್ತಿದ್ದ. ಅದೇ ಮಾತನ್ನು ಕಿವಿಯಿಂದ ಪರೀಕ್ಷಿಸಿ ನೋಡಲು ಕಂಪ್ಯೂಟರ್ ಅವನಿಗೆ ದಾರಿ ಮಾಡಿಕೊಟ್ಟಿತು.

ಹುಟ್ಟಿದ್ದು 1939ರ ಮೇ 3ರಂದು, ಬರ್ಮಿಂಗ್‌ಹ್ಯಾಮ್ ಪಕ್ಕದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ಒಂಬತ್ತರ ವಯಸ್ಸಿನಲ್ಲಿ ಟೆನ್ಬರಿಯ ಸೇಂಟ್ ಮೈಕಲ್ಸ್ ಕಾಲೇಜು ಸೇರಿದ. ಹೆಸರಿಗೆ ಕಾಲೇಜು, ನಿಜಕ್ಕೆ ಗಾಯಕ ಹುಡುಗರ ವಸತಿಶಾಲೆ. 19ನೆಯ ಶತಮಾನದಲ್ಲಿ ಚರ್ಚ್ ಸಂಗೀತ ಉಳಿಯಲೆಂದೇ ಕಟ್ಟಿದ ಆ ಶಾಲೆ 1985ರಲ್ಲಿ ಮುಚ್ಚಿಹೋಯಿತು. ಅಲ್ಲಿ ದಿನಬೆಳಗಾದರೆ ಹಾಡು, ಸಂಜೆಯಾದರೆ ಹಾಡು. ಕೇಳುವವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಪೂಜೆಯ ಹೊತ್ತಿಗೆ ಸಂಗೀತ ನಡೆಯಲೇಬೇಕು. ಸಭಿಕರ ಚಪ್ಪಾಳೆಗೂ ಸಂಗೀತಕ್ಕೂ ಸಂಬಂಧವಿಲ್ಲದ ಆ ವಾತಾವರಣದಲ್ಲಿ ನಾಲ್ಕು ವರ್ಷ ಕಳೆದ ಹುಡುಗ ಮುಂದೆ ಎಂಥ ಯಂತ್ರಗಳ ನಡುವೆ ಕೂತರೂ ಸಂಗೀತವನ್ನು ಪ್ರಾರ್ಥನೆಯಿಂದ ಬೇರೆಯಾಗಿ ಎಣಿಸಲಿಲ್ಲ.

ಚೆಲ್ಲೊ ನುಡಿಸುತ್ತಿದ್ದ. ಬೆಂಜಮಿನ್ ಬ್ರಿಟನ್‌ನ ಸಲಹೆಯ ಮೇಲೆ ಎರ್ವಿನ್ ಸ್ಟೈನ್ ಮತ್ತು ಹಾನ್ಸ್ ಕೆಲ್ಲರ್ ಬಳಿ ಪಾಠ ಹೇಳಿಸಿಕೊಂಡ. ಇಬ್ಬರೂ ವಿಯೆನ್ನಾದಿಂದ ನಾಜಿಗಳ ಕಾಲದಲ್ಲಿ ತಪ್ಪಿಸಿಕೊಂಡು ಬಂದವರು, ಸ್ಟೈನ್ ಅಂತೂ ಶೋನ್‌ಬರ್ಗ್‌ನ ನೇರ ಶಿಷ್ಯ. ಹೀಗೆ ಇಂಗ್ಲಿಷ್ ಚರ್ಚಿನ ಹುಡುಗನಿಗೆ ಮಧ್ಯ ಯುರೋಪಿನ ಕಟ್ಟುನಿಟ್ಟಿನ ಶಿಕ್ಷಣ ಸಿಕ್ಕಿತು. ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಈವ್ಲಿನ್ ಅಂಡರ್‌ಹಿಲ್ ಅನುಭಾವದ ಬಗ್ಗೆ ಬರೆದ ದೊಡ್ಡ ಪುಸ್ತಕ ಕೈಗೆ ಬಂತು, ಅದು ಅವನನ್ನು ಅಲುಗಾಡಿಸಿತು. ಗ್ಲಾಸ್ಗೋದಲ್ಲಿ ಸಂಶೋಧನೆ ಮಾಡುತ್ತ ಬಿಬಿಸಿಯ ಸ್ಕಾಟಿಷ್ ವಾದ್ಯವೃಂದದಲ್ಲಿ ಚೆಲ್ಲೊ ನುಡಿಸಿದ. ನಲವತ್ತು ವರ್ಷಗಳ ಮೇಲೆ ಅದೇ ವಾದ್ಯವೃಂದ ಅವನನ್ನು ತನ್ನ ಸಂಯೋಜಕನಾಗಿ ಕರೆಸಿಕೊಂಡಿತು. ವಾದ್ಯವೃಂದದ ನಡುವೆ ಕೂತು ನುಡಿಸಿದವನ ಬರವಣಿಗೆ ಬೇರೆಯೇ ಇರುತ್ತದೆ. ಹಾರ್ವೆಯ ಅತ್ಯಂತ ಕಷ್ಟದ ಪುಟಗಳನ್ನೂ ವಾದಕರು ಮನಸ್ಸಿಟ್ಟು ನುಡಿಸುವುದಕ್ಕೆ ಇದು ಒಂದು ಕಾರಣವಿದ್ದೀತು.

1964ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ಅಧ್ಯಾಪಕನಾದ. 1966ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಹೋಗಿ ಸಂಯೋಜಕ ಸ್ಟಾಕ್‌ಹೌಸನ್‌ನನ್ನು ಕಂಡ, 1975ರಲ್ಲಿ ಅವನ ಸಂಗೀತದ ಮೇಲೆ ಪುಸ್ತಕವನ್ನೇ ಪ್ರಕಟಿಸಿದ. 1969-70ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಮಿಲ್ಟನ್ ಬ್ಯಾಬಿಟ್ ಬಳಿ ಕಲಿತ. ಒಬ್ಬನದು ಆಕಾಶಕ್ಕೆ ಕೈಚಾಚುವ ಕಲ್ಪನೆ, ಇನ್ನೊಬ್ಬನದು ಗಣಿತದ ಶಿಸ್ತು. ಹಾರ್ವೆಗೆ ಇಬ್ಬರೂ ಬೇಕಾದರು. ಹೊಸ ಸಂಗೀತವನ್ನೂ ಅಧ್ಯಾತ್ಮವನ್ನೂ ಒಟ್ಟಿಗೆ ಹಿಡಿಯುವುದು ಆ ಕಾಲದ ಯುರೋಪಿನಲ್ಲಿ ಸುಲಭದ ನಿಲುವಾಗಿರಲಿಲ್ಲ. ಹೊಸ ಸಂಗೀತದ ವಲಯಗಳಲ್ಲಿ ದೇವರ ಮಾತೆತ್ತಿದರೆ ಹಿಂದುಳಿದವನೆಂಬ ಹೆಸರು ಬರುತ್ತಿತ್ತು. ಚರ್ಚಿನ ವಲಯದಲ್ಲಿ ಕರ್ಕಶ ಸ್ವರ ಬರೆದರೆ ಕೇಳುವವರಿರಲಿಲ್ಲ.

ಆದರೂ ಚರ್ಚಿಗಾಗಿ ಆತ ಬರೆದ. ವಿಂಚೆಸ್ಟರ್ ಕೆಥೀಡ್ರಲ್‌ನ ಗಾಯಕವೃಂದಕ್ಕೆ 1976ರಲ್ಲಿ ಕೊಟ್ಟ 'ಐ ಲವ್ ದಿ ಲಾರ್ಡ್' ಐದಾರು ನಿಮಿಷದ ಪುಟ್ಟ ಕೃತಿ. ಎಲ್ಲರಿಗೂ ಗೊತ್ತಿರುವ ಸರಳ ಜಿ ಮೇಜರ್ ಸ್ವರಮೇಳವನ್ನು ಒಂದು ಗುಂಪು ಮೆಲ್ಲಗೆ ಹಿಡಿದು ನಿಲ್ಲುತ್ತದೆ. ಇನ್ನೊಂದು ಗುಂಪು ಅದರಿಂದ ದೂರ ದೂರ ಹೋಗುತ್ತದೆ, ಸ್ವರಗಳು ಒಂದಕ್ಕೊಂದು ಉಜ್ಜುತ್ತವೆ, ಕೀರ್ತನೆಯಲ್ಲಿ ಸಾವಿನ ಪಾಶದ ಮಾತು ಬಂದಾಗ ನಿಜಕ್ಕೂ ಕಿವಿ ನೋಯುತ್ತದೆ. ಮೊದಲ ಗುಂಪು ಅಲುಗುವುದಿಲ್ಲ. ನಮ್ಮ ಕಛೇರಿಯಲ್ಲಿ ಗಾಯಕ ಎಲ್ಲೆಲ್ಲೋ ಸುತ್ತಿ ಬರುವಾಗ ಶ್ರುತಿ ನಿಂತಲ್ಲೇ ನಿಂತಿರುತ್ತದಲ್ಲ, ಆ ಅನುಭವಕ್ಕೆ ಇದು ಬಹಳ ಹತ್ತಿರದ್ದು. ಹಾರ್ವೆ ಇದನ್ನು ಭಾರತದಿಂದ ತಂದ ಎಂದು ನಾನು ಹೇಳುತ್ತಿಲ್ಲ. ಅವನ ಊರಿನ ಕೀರ್ತನಗಾಯನದಲ್ಲೇ ಒಂದೇ ಸ್ವರದ ಮೇಲೆ ಪಠಿಸುವ ಪದ್ಧತಿ ಇದೆ. ಆದರೆ ನಿಂತ ನಾದದ ಮೇಲಿನ ಈ ಮೋಹವೇ ಮುಂದೆ ಅವನನ್ನು ಗಂಟೆಯ ಬಳಿಗೆ ಕೊಂಡೊಯ್ದಿತು.

ಆ ಗಂಟೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಂಯೋಜಕ ಪಿಯರ್ ಬುಲೆಜ್ ಫ್ರಾನ್ಸ್ ಸರ್ಕಾರದ ಹಣದಿಂದ ಪ್ಯಾರಿಸ್ಸಿನ ಪೊಂಪಿಡೂ ಕೇಂದ್ರದ ಪಕ್ಕ, ನೆಲದಡಿಯಲ್ಲಿ, ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆ ಕಟ್ಟಿದ್ದ. ಅದು ಕೆಲಸ ಶುರುಮಾಡಿದ್ದು 1977ರಲ್ಲಿ. ಅಲ್ಲಿಗೆ ಬಂದು ಕೆಲಸ ಮಾಡು ಎಂದು ಬುಲೆಜ್ ಹಾರ್ವೆಯನ್ನು ಕರೆದ. ಹಾರ್ವೆಯ ಮಗ ಆಗ ವಿಂಚೆಸ್ಟರ್‌ನ ಗಾಯಕವೃಂದದಲ್ಲಿ ಹಾಡುತ್ತಿದ್ದ. ಅಭ್ಯಾಸದ ಹೊತ್ತಿನಲ್ಲಿ ಮಗನ ದನಿಯೂ ಮೇಲಿನ ಗೋಪುರದ ಗಂಟೆಯೂ ಒಟ್ಟಿಗೇ ತಂದೆಯ ಕಿವಿಗೆ ಬೀಳುತ್ತಿದ್ದವು. ಪ್ಯಾರಿಸ್ಸಿನ ಕೆಲಸಕ್ಕೆ ಹಾರ್ವೆ ಈ ಎರಡನ್ನೇ ಸಾಮಗ್ರಿಯಾಗಿ ಆರಿಸಿಕೊಂಡ: ಗಂಟೆಯ ಧ್ವನಿಮುದ್ರಣ, ಮಗನ ಕಂಠದ ಧ್ವನಿಮುದ್ರಣ. ಗಂಟೆಯ ಮೈಮೇಲೆ ಲ್ಯಾಟಿನ್ ಬರಹವಿದೆ. ಹಾರುವ ಗಳಿಗೆಗಳನ್ನು ಎಣಿಸುವುದು, ಸತ್ತವರಿಗಾಗಿ ಅಳುವುದು, ಬದುಕಿರುವವರನ್ನು ಪ್ರಾರ್ಥನೆಗೆ ಕರೆಯುವುದು ತನ್ನ ಕೆಲಸವೆಂದು ಗಂಟೆಯೇ ಹೇಳಿಕೊಳ್ಳುವ ಮಾತು ಅದು. ಹುಡುಗ ಹಾಡುವುದು ಅದನ್ನೇ. ಕೃತಿಯ ಹೆಸರೂ ಅಲ್ಲಿಂದಲೇ ಬಂದದ್ದು: 'ಮಾರ್ಟುವೋಸ್ ಪ್ಲಾಂಗೋ, ವೀವೋಸ್ ವೋಕೊ', 1980.

ಗಂಟೆಯ ಒಳಗೇನಿತ್ತು? ತಂಬೂರಿಯ ಮಂದ್ರ ತಂತಿಯನ್ನು ಮೀಟಿ ಕಿವಿಗೊಟ್ಟರೆ ಷಡ್ಜದ ಜೊತೆಗೆ ಪಂಚಮ, ಅಂತರ ಗಾಂಧಾರ ತಾವಾಗಿಯೇ ಕೇಳುತ್ತವೆ. ಆ ಉಪಸ್ವರಗಳ ಕಂಪನ ಮೂಲ ಕಂಪನದ ಎರಡು, ಮೂರು, ನಾಲ್ಕು, ಐದರಷ್ಟು ಎಂದು ಪೂರ್ಣಸಂಖ್ಯೆಯ ಲೆಕ್ಕದಲ್ಲಿ ಇರುವುದರಿಂದ ಎಲ್ಲವೂ ಒಂದೇ ನಾದವಾಗಿ ಕೂಡಿಕೊಳ್ಳುತ್ತವೆ. ಚರ್ಮವಾದ್ಯಗಳಲ್ಲಿ ಸಾಮಾನ್ಯವಾಗಿ ಈ ಲೆಕ್ಕ ಕೂಡುವುದಿಲ್ಲ. ಮೃದಂಗ, ತಬಲಾಗಳಲ್ಲಿ ಮಾತ್ರ ಮಧ್ಯದ ಕರಣೆಯಿಂದಾಗಿ ಅದು ಕೂಡುತ್ತದೆ ಎಂದು ಸಿ. ವಿ. ರಾಮನ್ ತೋರಿಸಿದರು. ಅವರ ವಿಸ್ತಾರವಾದ ಪ್ರಬಂಧ ಬಂದದ್ದು 1934ರಲ್ಲಿ, ಅವರು ಬೆಂಗಳೂರಿಗೆ ಬಂದ ಮೇಲೆ. ಚರ್ಚಿನ ಗಂಟೆಯಲ್ಲಿ ಲೆಕ್ಕ ಇನ್ನೂ ವಿಚಿತ್ರ. ವಿಂಚೆಸ್ಟರ್ ಗಂಟೆಯ ಮುಖ್ಯ ಸ್ವರ ಸಿ, ಸೆಕೆಂಡಿಗೆ 130.8 ಕಂಪನ. ಅದರ ಮೇಲೆ ಉಪಸ್ವರಗಳು ಮೂವತ್ತಕ್ಕೂ ಹೆಚ್ಚು, ಹಲವು ಯಾವ ಪೂರ್ಣಸಂಖ್ಯೆಗೂ ಸಿಗದವು. ಜೊತೆಗೆ ನಿಧಾನವಾಗಿ ಕರಗುವ ಇನ್ನೊಂದು ಸ್ವರ, ಎಫ್, 347 ಕಂಪನ. ಸಿಯ ಸರಣಿಗೆ ಸೇರದ ಹಲವು ಉಪಸ್ವರಗಳು ಒಂದಾಗಿ ಹುಟ್ಟಿಸುವ ಸ್ವರ ಇದು. ಆ ಗಂಟೆಯ ದನಿ ಬೇರೆ ಗಂಟೆಗಳ ಹಾಗೆ ಇಲ್ಲದಿರುವುದು ಈ ಒಳನುಗ್ಗಿದ ಸ್ವರದಿಂದ.

ಹಾರ್ವೆ ಕೆಳಗಿನ ಎಂಟು ಉಪಸ್ವರಗಳನ್ನು ಆಯ್ದು ಒಂದೊಂದಕ್ಕೂ ಕೃತಿಯ ಒಂದೊಂದು ಭಾಗವನ್ನು ಕೊಟ್ಟ. ಒಟ್ಟು ಒಂಬತ್ತು ನಿಮಿಷ, ಎಂಟು ಧ್ವನಿವರ್ಧಕ. ಕೇಳುಗ ಗಂಟೆಯ ಒಳಗೆ ಕೂತಿದ್ದಾನೆ, ಹುಡುಗನ ದನಿ ಅವನ ಸುತ್ತ ಹಾರಾಡುತ್ತಿದೆ, ಇದು ಹಾರ್ವೆ ಬಯಸಿದ ಅನುಭವ. ಕೇಳುತ್ತ ಹೋದಂತೆ ಗಂಟೆ ನಿಧಾನವಾಗಿ ತೆರೆದುಕೊಳ್ಳುತ್ತದೆ. ಗಂಟೆಯ ಒಂದು ಉಪಸ್ವರವನ್ನು ಹಿಡಿದು ನಿಂತರೆ, ಅದು ಸದ್ದಿಲ್ಲದೆ ಹುಡುಗನ 'ಓ' ಆಗಿಬಿಡುತ್ತದೆ. ಎಲ್ಲಿ ಲೋಹ ಮುಗಿಯಿತು, ಎಲ್ಲಿ ಕಂಠ ಶುರುವಾಯಿತು ಎಂದು ತಿಳಿಯುವುದಿಲ್ಲ. ಮತ್ತೊಂದು ಕಡೆ ಹುಡುಗನ ಉಪಸ್ವರಗಳು ಗಂಟೆಯ ಲೆಕ್ಕಕ್ಕೆ ಜರುಗಿ, ಮನುಷ್ಯಕಂಠ ಕಂಚಿನಂತೆ ಮೊಳಗುತ್ತದೆ. ಸತ್ತವರಿಗೆ ಗಂಟೆ, ಬದುಕಿರುವವರಿಗೆ ಮಗು ಎಂದು ಎರಡು ಗುರುತು ಇಟ್ಟುಕೊಂಡು ಹೊರಟ ಕೃತಿ, ಆ ಎರಡರ ನಡುವಿನ ಗಡಿ ಕಿವಿಗೆ ಸಿಗದ ಜಾಗಕ್ಕೆ ಬಂದು ನಿಲ್ಲುತ್ತದೆ. ಇಪ್ಪತ್ತನೆಯ ಶತಮಾನದ ವಿದ್ಯುನ್ಮಾನ ಸಂಗೀತದಲ್ಲಿ ಇಷ್ಟು ಚಿಕ್ಕದಾಗಿಯೂ ಇಷ್ಟು ಸಂಪೂರ್ಣವಾಗಿಯೂ ಇರುವ ಇನ್ನೊಂದು ಕೃತಿಯನ್ನು ನಾನು ಕೇಳಿಲ್ಲ.

ಇಷ್ಟಾದ ಮೇಲೆ ಆತ ಋಗ್ವೇದಕ್ಕೆ ಬಂದದ್ದು ನನಗೆ ಆಶ್ಚರ್ಯ ಎನಿಸುವುದಿಲ್ಲ. ಇರ್ಕಾಮ್‌ಗಾಗಿಯೇ 1982ರಲ್ಲಿ ಬರೆದ 'ಭಕ್ತಿ' ಹದಿನೈದು ವಾದ್ಯಗಳಿಗೂ ನಾಲ್ಕು ದಿಕ್ಕಿನಿಂದ ಕೇಳುವ ಟೇಪಿಗೂ ಹೊಂದಿಸಿದ, ಐವತ್ತು ನಿಮಿಷದ ಆಸುಪಾಸಿನ ಕೃತಿ. ಹನ್ನೆರಡು ಭಾಗ, ಪ್ರತಿ ಭಾಗಕ್ಕೂ ಒಂದೊಂದು ಋಕ್ಕು. ಆದರೆ ಅವನ್ನು ಯಾರೂ ಹಾಡುವುದಿಲ್ಲ. ಸ್ವರಲಿಪಿಯಲ್ಲಿ ಭಾಗ ಮುಗಿದ ಮೇಲೆ ಬರೆದಿಟ್ಟಿವೆ, ಅಷ್ಟೆ. ಸಿತಾರ್ ಇಲ್ಲ, ರಾಗದ ನೆರಳಿಲ್ಲ, ತಾಳದ ಎಣಿಕೆಯಿಲ್ಲ. ವಾದ್ಯಗಳು ನುಡಿಸಿದ್ದನ್ನೇ ಮೊದಲೇ ಧ್ವನಿಮುದ್ರಿಸಿ, ಕಂಪ್ಯೂಟರಿನಲ್ಲಿ ಬದಲಾಯಿಸಿ, ಟೇಪಿನಿಂದ ಕೇಳಿಸಲಾಗುತ್ತದೆ. ವೇದಿಕೆಯ ಮೇಲಿನ ಕೊಳಲಿಗೂ ಅದರ ಬದಲಾದ ರೂಪಕ್ಕೂ ನಡುವೆ ನಡೆಯುವ ಸಂವಾದವೇ ಈ ಕೃತಿ. ಇದಕ್ಕೆ 'ಭಕ್ತಿ' ಎಂಬ ಹೆಸರು ಏಕೆ ಎಂದು ಮೊದಲ ಸಲ ಕೇಳಿದಾಗ ನಮ್ಮವರಿಗೆ ತೋಚದಿರಬಹುದು. ದಾಸರ ಪದಗಳ ಆರ್ದ್ರತೆ ಇಲ್ಲಿ ಸಿಗುವುದಿಲ್ಲ. ಆದರೆ ಒಂದೇ ಸ್ವರದ ಮೇಲೆ ಇಡೀ ವಾದ್ಯಗುಂಪು ಕೂತು, ಆ ಸ್ವರದ ಬಣ್ಣವನ್ನು ಮಾತ್ರ ಬದಲಿಸುತ್ತ ಹೋಗುವ ಆರಂಭದ ನಿಮಿಷಗಳನ್ನು ತಾಳ್ಮೆಯಿಂದ ಕೇಳಿದವರಿಗೆ ಏಕಾಗ್ರತೆಯ ಒಂದು ಅಭ್ಯಾಸ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ.

ಯುರೋಪಿನ ಸಂಗೀತ ಭಾರತದ ಕಡೆ ನೋಡಿದ ರೀತಿಗಳ ನಡುವೆ ಇದನ್ನು ಇಟ್ಟು ನೋಡಬೇಕು. ಗುಸ್ಟಾವ್ ಹೋಲ್ಸ್ಟ್ ಲಂಡನ್ನಿನಲ್ಲಿ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ತಾನೇ ಅನುವಾದಿಸಿಕೊಂಡು ಹಾಡಾಗಿಸಿದ. 1908ರಲ್ಲಿ 'ಸಾವಿತ್ರಿ' ಎಂಬ ಪುಟ್ಟ ಆಪೆರಾ ಬರೆದ. ಮನಸ್ಸು ಭಾರತದ ಕಡೆ, ಸಂಗೀತ ಪೂರ್ತಿ ಇಂಗ್ಲಿಷ್. ಜಾನ್ ಫೌಲ್ಡ್ಸ್ 1935ರಲ್ಲಿ ಭಾರತಕ್ಕೇ ಬಂದು, ದೆಹಲಿಯ ಆಕಾಶವಾಣಿಯಲ್ಲಿ ಕೆಲಸ ಮಾಡಿ, ಭಾರತೀಯ ವಾದ್ಯಗಳ ವೃಂದ ಕಟ್ಟಿ, 1939ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದಿಂದ ತೀರಿಕೊಂಡ. ಅವನ ಕೆಲಸದ ಬಹುಪಾಲನ್ನು ಲೋಕ ಮರೆಯಿತು. ಫ್ರಾನ್ಸಿನ ಮೆಸ್ಸಿಯಾನ್ ಶಾರ್ಙ್ಗದೇವನ ಸಂಗೀತ ರತ್ನಾಕರದ ದೇಶೀತಾಳಗಳನ್ನು ಒಂದು ವಿಶ್ವಕೋಶದಿಂದ ಎತ್ತಿಕೊಂಡು ತನ್ನ ಲಯಗಳಿಗೆ ಇಟ್ಟಿಗೆಯಾಗಿ ಬಳಸಿದ. ಇನ್ನು ಪಂಜಾಬಿನಲ್ಲಿ ಹುಟ್ಟಿ 1962ರಲ್ಲಿ ಲಂಡನ್ನಿಗೆ ಹೋದ ನರೇಶ್ ಸೋಹಲ್ ಹಾರ್ವೆಯ ಓರಗೆಯವನು, ಅದೇ 1939ರಲ್ಲಿ ಹುಟ್ಟಿದವನು. ಭಾರತೀಯನಾದ್ದರಿಂದ ಭಾರತೀಯ ಸಂಗೀತವನ್ನೇ ಬರೆಯಬೇಕೆಂಬ ನಿರೀಕ್ಷೆಯನ್ನು ಆತ ಒಪ್ಪಲಿಲ್ಲ, ಯುರೋಪಿನ ವಾದ್ಯವೃಂದಕ್ಕೇ ಬರೆದ. ಸೋಹಲ್ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕು, ಭಾರತದಲ್ಲಿ ಅವನಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಈ ಸಾಲಿನಲ್ಲಿ ಹಾರ್ವೆ ಎಲ್ಲಿ ನಿಲ್ಲುತ್ತಾನೆ? ಕಥೆ, ತಾಳ, ವಾದ್ಯ, ಇವು ಯಾವುವೂ ಅವನಿಗೆ ಮುಖ್ಯವಲ್ಲ. ಒಂದು ನಾದಕ್ಕೆ ಕಿವಿಗೊಟ್ಟು ಕೂತರೆ ಕೇಳುವವನು ಏನಾಗುತ್ತಾನೆ ಎಂಬ ಪ್ರಶ್ನೆ ಮುಖ್ಯ. 1990ರ 'ರಿಚುವಲ್ ಮೆಲಡೀಸ್' ಇದಕ್ಕೆ ಒಳ್ಳೆಯ ಸಾಕ್ಷಿ. ಅದರಲ್ಲಿ ಭಾರತದ ಊದುವಾದ್ಯ, ಜಪಾನಿನ ಶಾಕುಹಾಚಿ ಕೊಳಲು, ಟಿಬೆಟಿನ ಗಂಟೆ, ಚರ್ಚಿನ ಪಠಣ ಎಲ್ಲ ಕೇಳುತ್ತವೆ. ಆದರೆ ಒಂದೂ ನಿಜವಾದ ವಾದ್ಯವಲ್ಲ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮೊದಲಿನಿಂದ ಕಟ್ಟಿದ್ದು. ಹಾಗೆ ಕಟ್ಟಿದ್ದರಿಂದಲೇ ಒಂದು ವಾದ್ಯ ನುಡಿಯುತ್ತ ನುಡಿಯುತ್ತ ಇನ್ನೊಂದಾಗಲು ಸಾಧ್ಯವಾಯಿತು. ಬೇರೆ ಬೇರೆ ದೇಶದ ಸಂಗೀತವನ್ನು ಪಕ್ಕಪಕ್ಕ ಕೂರಿಸುವ ಸಮ್ಮಿಲನಗಳು ಎಷ್ಟೋ ಬಂದಿವೆ. ಅವುಗಳಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಚಾಪೆಯ ಮೇಲೆಯೇ ಉಳಿಯುತ್ತಾರೆ. ಇಲ್ಲಿ ಹಾಗಿಲ್ಲ.

ಮನುಷ್ಯಕಂಠಕ್ಕೆ ಬರೆಯುವಾಗ ಹಾರ್ವೆ ಇಷ್ಟು ದೂರ ಹೋಗುವುದಿಲ್ಲ. ಗೀತಾಂಜಲಿಯ ಇಂಗ್ಲಿಷ್ ಪಾಠವನ್ನು ಆಧರಿಸಿ ಸೊಪ್ರಾನೊ ಗಾಯಕಿಗೂ ಸಣ್ಣ ವಾದ್ಯಗುಂಪಿಗೂ 1985ರಲ್ಲಿ ಬರೆದ 'ಸಾಂಗ್ ಆಫರಿಂಗ್ಸ್' ಅವನ ಅತ್ಯಂತ ಮೈದುಂಬಿದ ಕೃತಿಗಳಲ್ಲಿ ಒಂದು. ಟ್ಯಾಗೋರರ ಆ ಗದ್ಯ ಇಂದು ಹಲವರಿಗೆ ಹಳೆಯ ಕಾಲದ್ದು ಎನಿಸುತ್ತದೆ. ಹಾರ್ವೆ ಅದರ ಭಕ್ತಿಯ ಜೊತೆಗೆ ಶೃಂಗಾರವನ್ನೂ ಕೇಳಿಸಿಕೊಂಡ. ದೇವರಿಗೆ ಕಾಯುವವಳು ಪ್ರಿಯನಿಗೆ ಕಾಯುವವಳೇ ಎಂಬುದು ಅಕ್ಕನ ವಚನ ಓದಿದ ನಮಗೆ ಹೊಸದಲ್ಲ. ಚರ್ಚಿನ ಶಾಲೆಯಲ್ಲಿ ಬೆಳೆದ ಇಂಗ್ಲಿಷ್ ಮನುಷ್ಯನೊಬ್ಬ ಅದನ್ನು ಸಂಕೋಚವಿಲ್ಲದೆ ಹಾಡಾಗಿಸಿದ್ದು ನನಗೆ ಬಹಳ ಇಷ್ಟವಾಗುತ್ತದೆ. ಮರುವರ್ಷ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ಬಂದ 'ಮಡೋನಾ ಆಫ್ ವಿಂಟರ್ ಅಂಡ್ ಸ್ಪ್ರಿಂಗ್' ಮತ್ತೆ ದೊಡ್ಡ ವಾದ್ಯವೃಂದ, ಮತ್ತೆ ಯಂತ್ರ.

ಇಷ್ಟೆಲ್ಲ ಪ್ರಯೋಗ ಮಾಡುತ್ತ ಒಬ್ಬ ಸಂಯೋಜಕ ಬದುಕಿದ್ದು ಹೇಗೆ ಎಂಬುದನ್ನೂ ಕೇಳಬೇಕು. ಹಾರ್ವೆ ಸಿನಿಮಾಕ್ಕೆ ಬರೆದು ಹೊಟ್ಟೆ ಹೊರೆದವನಲ್ಲ. ಸೌತಾಂಪ್ಟನ್ ಆದ ಮೇಲೆ 1977ರಿಂದ ಸಸೆಕ್ಸ್, ಕೊನೆಗೆ 1995ರಿಂದ 2000ದವರೆಗೆ ಅಮೆರಿಕದ ಸ್ಟ್ಯಾನ್‌ಫರ್ಡ್, ಹೀಗೆ ವಿಶ್ವವಿದ್ಯಾಲಯದ ಸಂಬಳ ಅವನ ಮನೆ ನಡೆಸಿತು. ಕೆಥೀಡ್ರಲ್ ಅವನಿಗೆ ಹಾಡುವ ಕಂಠಗಳನ್ನು ಕೊಟ್ಟಿತು, ಬಿಬಿಸಿ ವಾದ್ಯವೃಂದ ಕೊಟ್ಟಿತು, ಇರ್ಕಾಮ್ ಯಂತ್ರವನ್ನೂ ಯಂತ್ರ ಬಲ್ಲ ಸಹಾಯಕರನ್ನೂ ಕೊಟ್ಟಿತು. ಇವೆಲ್ಲ ಲಾಭ ಕೇಳದ ಸಂಸ್ಥೆಗಳು. ಟಿಕೆಟ್ಟು ಮಾರಿ ಬಂದ ಹಣದಿಂದ ಮಾತ್ರ ಸಂಗೀತ ನಡೆಯಬೇಕೆಂದಿದ್ದರೆ 'ಭಕ್ತಿ'ಯಂಥ ಒಂದು ಕೃತಿಯೂ ಹುಟ್ಟುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಇಂದು ಈ ಸಂಸ್ಥೆಗಳಿಗೆ ಸಿಗುವ ಹಣ ಕಡಿಮೆಯಾಗುತ್ತಿರುವಾಗ, ಗಾಯಕವೃಂದಗಳು ಕುಗ್ಗುತ್ತಿರುವಾಗ, ಹಾರ್ವೆಯ ಬದುಕನ್ನು ಒಬ್ಬ ಪ್ರತಿಭಾವಂತನ ಕಥೆಯೆಂದು ಮಾತ್ರ ಓದಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ.

ಅರವತ್ತು ದಾಟಿದ ಮೇಲೆ ಅವನ ಬರವಣಿಗೆ ಇನ್ನೂ ಹಗುರಾಯಿತು, ಇನ್ನೂ ದಿಟ್ಟವಾಯಿತು. 2003ರ ನಾಲ್ಕನೆಯ ಸ್ಟ್ರಿಂಗ್ ಕ್ವಾರ್ಟೆಟ್ ಕೇಳಬೇಕು. ಆರಂಭದಲ್ಲಿ ನಾಲ್ವರೂ ಸ್ವರವನ್ನೇ ನುಡಿಸುವುದಿಲ್ಲ. ಕಮಾನು ತಂತಿಗೆ ತಾಗಿಯೂ ತಾಗದಂತೆ ಉಸಿರಿನ ಸದ್ದು. ವಾದಕರು ನುಡಿಸುತ್ತಿರುವಾಗಲೇ ಯಂತ್ರ ಆ ಸದ್ದನ್ನು ಹಿಡಿದು ಸಭಾಂಗಣದ ಸುತ್ತ ಹರಿಸುತ್ತದೆ. ಒಂದು ಜೀವಕ್ಕೂ ಮುಂದಿನ ಜೀವಕ್ಕೂ ನಡುವಿನ ಅವಸ್ಥೆ ಹಾರ್ವೆಯ ಮನಸ್ಸಿನಲ್ಲಿತ್ತು. ಅದನ್ನು ತಿಳಿಯದೆ ಕೇಳಿದರೂ ಸ್ವರ ಹುಟ್ಟುವ ಮೊದಲಿನ ಜಾಗದಲ್ಲಿ ನಿಂತಿದ್ದೇವೆ ಎಂಬುದು ಅನುಭವಕ್ಕೆ ಬರುತ್ತದೆ.

ಆಮೇಲೆ ಬಿಬಿಸಿ ಸ್ಕಾಟಿಷ್ ವಾದ್ಯವೃಂದಕ್ಕಾಗಿ ಬರೆದ ಮೂರು ಕೃತಿಗಳು. ಬೌದ್ಧ ಸಾಧನೆಯಲ್ಲಿ ಕಾಯ, ವಾಕ್ಕು, ಚಿತ್ತ ಮೂರೂ ಶುದ್ಧಿಯಾಗಬೇಕು. ಒಂದೊಂದಕ್ಕೂ ಒಂದೊಂದು ಕೃತಿ. ಚಿತ್ತಕ್ಕೆ '...ಟುವರ್ಡ್ಸ್ ಎ ಪ್ಯೂರ್ ಲ್ಯಾಂಡ್' 2005ರಲ್ಲಿ, ಕಾಯಕ್ಕೆ 'ಬಾಡಿ ಮಂಡಲ' 2006ರಲ್ಲಿ, ವಾಕ್ಕಿಗೆ 'ಸ್ಪೀಕಿಂಗ್ಸ್' 2008ರಲ್ಲಿ. 'ಬಾಡಿ ಮಂಡಲ'ದ ಹಿಂದೆ ಉತ್ತರ ಭಾರತದ ಟಿಬೆಟನ್ ಮಠಗಳಲ್ಲಿ ಹಾರ್ವೆ ಕಂಡ ಶುದ್ಧೀಕರಣ ವಿಧಿ ಇದೆ. ಬೈಲಕುಪ್ಪೆಯ ಮಠಗಳಲ್ಲಿ ಪೂಜೆಯ ಹೊತ್ತಿಗೆ ನಿಂತವರಿಗೆ ಆ ಉದ್ದ ಕೊಂಬುಗಳ ಸದ್ದು ಗೊತ್ತಿರುತ್ತದೆ. ಕಿವಿಗಿಂತ ಮೊದಲು ಅದು ಎದೆಗೂಡಿಗೆ ತಾಗುತ್ತದೆ. ಹಾರ್ವೆ ಅದನ್ನು ಟ್ರಾಂಬೋನು, ಟ್ಯೂಬಾಗಳಿಗೆ ಕೊಟ್ಟಿದ್ದಾನೆ. ಧ್ಯಾನವೆಂದರೆ ಮೃದು ಸಂಗೀತ ಎಂದುಕೊಂಡವರಿಗೆ ಈ ಕೃತಿಯ ಒರಟು ಬಲ ಒಳ್ಳೆಯ ಉತ್ತರ.

'ಸ್ಪೀಕಿಂಗ್ಸ್' ಇನ್ನೂ ಮುಂದೆ ಹೋಗುತ್ತದೆ. ಇರ್ಕಾಮ್‌ನ ತಂತ್ರಜ್ಞರ ಜೊತೆ ಕೂತು ಹಾರ್ವೆ ಕೇಳಿದ ಪ್ರಶ್ನೆ ಇಷ್ಟೆ: ವಾದ್ಯವೃಂದಕ್ಕೆ ಮಾತು ಕಲಿಸಬಹುದೇ? ನಾವು ಅ, ಇ, ಉ ಎನ್ನುವಾಗ ಗಂಟಲಿನ ಸ್ವರ ಒಂದೇ ಇದ್ದರೂ ಬಾಯಿಯ ಆಕಾರ ಕೆಲವು ಉಪಸ್ವರಗಳನ್ನು ಎತ್ತಿ ಹಿಡಿಯುತ್ತದೆ, ಕೆಲವನ್ನು ಅಡಗಿಸುತ್ತದೆ. ಅದೇ ಆಕಾರವನ್ನು ಕಂಪ್ಯೂಟರ್ ಮೂಲಕ ಪಿಟೀಲು, ಕೊಳಲುಗಳ ಸದ್ದಿಗೆ ತೊಡಿಸಿದರೆ ವಾದ್ಯವೇ ಉಲಿಯಲು ತೊಡಗುತ್ತದೆ. ಕೃತಿಯಲ್ಲಿ ಮೊದಲು ಹಸುಗೂಸಿನ ಅಳು, ತೊದಲು. ಆಮೇಲೆ ದೊಡ್ಡವರ ಗದ್ದಲ, ಜಗಳ, ಹೆದರಿಕೆ, ಅಧಿಕಾರದ ದನಿ, ಪ್ರೀತಿಯ ದನಿ ಎಲ್ಲ ಒಂದರ ಮೇಲೊಂದು. ಶಬ್ದ ಒಂದೂ ತಿಳಿಯುವುದಿಲ್ಲ, ಭಾವ ಎಲ್ಲವೂ ತಿಳಿಯುತ್ತದೆ. ಆ ಗದ್ದಲ ತುದಿಗೆ ಬಂದು ಓಂ ಆಃ ಹೂಂ ಎಂಬ ಮಂತ್ರಕ್ಕೆ ತಿರುಗುತ್ತದೆ, ಹೇಳುವುದು ಇಡೀ ವಾದ್ಯವೃಂದ. ಕೊನೆಯ ಭಾಗದಲ್ಲಿ ಒಂದೇ ಎಳೆಯ ಹಾಡು, ವಿಶಾಲವಾದ ಗುಡಿಯೊಳಗೆ ಹಾಡಿದಂತೆ. ಗಂಟೆಯನ್ನು ಬಿಡಿಸಿ ಮಗುವಿನ ಕಂಠಕ್ಕೆ ಬಂದ 1980ರ ಕೆಲಸವೂ ವಾದ್ಯವೃಂದವನ್ನು ಬಿಡಿಸಿ ಮಗುವಿನ ತೊದಲಿಗೆ ಬಂದ 2008ರ ಕೆಲಸವೂ ಒಂದೇ ಮನಸ್ಸಿನವು. ನಡುವಿನ ಇಪ್ಪತ್ತೆಂಟು ವರ್ಷದಲ್ಲಿ ಯಂತ್ರ ಮಾತ್ರ ಬೆಳೆದಿತ್ತು.

ಆಪೆರಾದಲ್ಲಿ ಹಾರ್ವೆ ಅಷ್ಟೇ ಗೆದ್ದನೇ? ನನಗೆ ಸಂಶಯವಿದೆ. 1993ರ 'ಇನ್‌ಕ್ವೆಸ್ಟ್ ಆಫ್ ಲವ್'ನಲ್ಲಿ ಮದುವೆಯ ದಿನವೇ ಕೊಲೆಯಾದ ಜೋಡಿ ಸಾವಿನಾಚೆ ಪಯಣಿಸುತ್ತದೆ. ಸಂಗೀತ ಅದ್ಭುತವಾಗಿದ್ದರೂ ಪಾತ್ರಗಳು ರಕ್ತಮಾಂಸ ತುಂಬಿ ನಿಲ್ಲುವುದಿಲ್ಲ. ಎಲ್ಲರ ಒಳಗೂ ಬೆಳಕನ್ನೇ ಕಾಣುವವನಿಗೆ ಕೆಡುಕಿನ ಪಾತ್ರ ಬರೆಯುವುದು ಕಷ್ಟವಾಗಿತ್ತೇನೋ. 2007ರಲ್ಲಿ ಲಕ್ಸಂಬರ್ಗ್‌ನಲ್ಲಿ ಮೊದಲು ಆಡಿದ 'ವ್ಯಾಗ್ನರ್ ಡ್ರೀಮ್' ಇದಕ್ಕಿಂತ ಎಷ್ಟೋ ಮೇಲು. ಜರ್ಮನ್ ಸಂಯೋಜಕ ವ್ಯಾಗ್ನರ್ 1856ರಲ್ಲಿ ಪ್ರಕೃತಿ-ಆನಂದರ ಕಥೆಯನ್ನು ಆಪೆರಾ ಮಾಡಬೇಕೆಂದು ಒಂದು ಕರಡು ಬರೆದಿಟ್ಟಿದ್ದ, ಅದು ಕರಡಾಗಿಯೇ ಉಳಿಯಿತು. ಟ್ಯಾಗೋರರ 'ಚಂಡಾಲಿಕಾ'ದಿಂದ ನಮಗೆ ಪರಿಚಿತವಾದ ಕಥೆಯೇ ಇದು. ಮಹಾಭಾರತವನ್ನು ಪೀಟರ್ ಬ್ರೂಕ್‌ಗೆ ನಾಟಕವಾಗಿ ಬರೆದುಕೊಟ್ಟ ಜಾನ್-ಕ್ಲೋದ್ ಕಾರಿಯೇರ್ ಹಾರ್ವೆಗೆ ಪಠ್ಯ ಬರೆದ. 1883ರ ಫೆಬ್ರವರಿ, ವೆನಿಸ್, ಹೃದಯಾಘಾತದಿಂದ ಸಾಯುತ್ತಿರುವ ವ್ಯಾಗ್ನರ್. ಸಾವಿನ ಆ ಕ್ಷಣದಲ್ಲಿ ತಾನು ಬರೆಯದೆ ಬಿಟ್ಟ ಆಪೆರಾ ಅವನ ಕಣ್ಣ ಮುಂದೆ ನಡೆಯುತ್ತದೆ. ವ್ಯಾಗ್ನರ್ ಮತ್ತು ಅವನ ಮನೆಯವರು ಬರಿಯ ಮಾತನಾಡುತ್ತಾರೆ, ಬುದ್ಧ, ಆನಂದ, ಪ್ರಕೃತಿ ಹಾಡುತ್ತಾರೆ. ಸಂಗೀತದ ಮಹಾಪುರುಷನಿಗೇ ಹಾಡು ಕೊಡದ ಈ ಏರ್ಪಾಡು ಬಹಳ ಅರ್ಥವತ್ತಾದದ್ದು. 2013ರಲ್ಲಿ ವೆಲ್ಷ್ ನ್ಯಾಷನಲ್ ಆಪೆರಾ ಇದನ್ನು ಆಡಿದಾಗ ವ್ಯಾಗ್ನರ್‌ನ ಮನೆ ಜರ್ಮನ್ ಮಾತಾಡಿತು, ಬುದ್ಧನ ಲೋಕ ಪಾಲಿಯಲ್ಲಿ ಹಾಡಿತು. ಹಾರ್ವೆ ಬಯಸಿದ್ದ ರೂಪ ಅದು, ಆದರೆ ನೋಡಲು ಆತ ಇರಲಿಲ್ಲ.

ಕೊನೆಯ ದೊಡ್ಡ ಕೃತಿ 'ವೆಲ್ಟ್‌ಎಥೋಸ್'. ಧರ್ಮಗಳ ನಡುವೆ ಶಾಂತಿ ಇಲ್ಲದೆ ರಾಷ್ಟ್ರಗಳ ನಡುವೆ ಶಾಂತಿ ಇಲ್ಲ ಎಂದು ವಾದಿಸಿದ ದೇವತಾಶಾಸ್ತ್ರಜ್ಞ ಹಾನ್ಸ್ ಕ್ಯೂಂಗ್ ಬರೆದ ಪಠ್ಯ, ಆರು ಧರ್ಮಪರಂಪರೆಗಳಿಗೆ ಆರು ಭಾಗ. 2011ರ ಅಕ್ಟೋಬರಿನಲ್ಲಿ ಸೈಮನ್ ರ‍್ಯಾಟಲ್ ನಿರ್ದೇಶನದಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಅದನ್ನು ನುಡಿಸಿತು, 2012ರ ಜೂನಿನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಲಿಂಪಿಕ್ ಉತ್ಸವದ ಅಂಗವಾಗಿ ಬ್ರಿಟನ್ನಿಗೂ ಬಂತು. ಉದ್ದೇಶದ ಬಗ್ಗೆ ಎರಡು ಮಾತಿಲ್ಲ. ಆದರೆ ಪಠ್ಯದ ಬೋಧನೆಯ ಭಾರ ಸಂಗೀತದ ಮೇಲೆ ಬಿದ್ದಿದೆ. ವೇದದ ಮಂತ್ರವನ್ನು ಹಾಡಿಸದೆ ಪುಟದ ಕೊನೆಯಲ್ಲಿ ಇಟ್ಟ 'ಭಕ್ತಿ'ಯ ಸಂಯಮ ಇಲ್ಲಿಲ್ಲ. ಎಲ್ಲ ಧರ್ಮದ ಸಾರ ಒಂದೇ ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ, ಒಂದು ವಾದ್ಯದ ನಾದ ಇನ್ನೊಂದರಲ್ಲಿ ಕರಗುವುದನ್ನು ಕೇಳಿಸಿದಾಗ ಹಾರ್ವೆ ಹೆಚ್ಚು ನಂಬುವಂತೆ ಮಾತನಾಡಿದ್ದ.

ಆ ಹೊತ್ತಿಗೆ ನರ ಮತ್ತು ಸ್ನಾಯುಗಳನ್ನು ಕುಂದಿಸುವ ಮೋಟಾರ್ ನ್ಯೂರಾನ್ ಕಾಯಿಲೆ ಅವನನ್ನು ಹಿಡಿದಿತ್ತು. ಯಂತ್ರಗಳ ನಡುವೆ ಮೂವತ್ತು ವರ್ಷ ಕಳೆದವನು 2012ರಲ್ಲಿ ಬರೆದವು ಒಂದು ಒಂಟಿ ಕ್ಲಾರಿನೆಟ್‌ಗಾಗಿ 'ಸಿರಸ್ ಲೈಟ್', ಇನ್ನೊಂದು ವಾದ್ಯವಿಲ್ಲದ ಗಾಯಕವೃಂದಕ್ಕಾಗಿ 'ಪ್ಲೇನ್‌ಸಾಂಗ್ಸ್ ಫಾರ್ ಪೀಸ್ ಅಂಡ್ ಲೈಟ್'. ಆ ವರ್ಷದ ಡಿಸೆಂಬರ್ 4ರಂದು ಸಸೆಕ್ಸ್‌ನ ಲೂಯಿಸ್‌ನಲ್ಲಿ ತೀರಿಕೊಂಡ, ವಯಸ್ಸು 73. ಮರುವರ್ಷ ಜಾನ್ ಟ್ಯಾವನರ್ ಹೋದ. ಬ್ರಿಟನ್ನಿನ ಸಂಗೀತದಲ್ಲಿ ಅಧ್ಯಾತ್ಮ ಎಂದರೆ ಜನರ ಬಾಯಿಗೆ ಬರುವುದು ಟ್ಯಾವನರ್ ಹೆಸರೇ. 1997ರಲ್ಲಿ ಡಯಾನಾಳ ಅಂತ್ಯಕ್ರಿಯೆಯಲ್ಲಿ ಕೇಳಿದ ಹಾಡು ಅವನದು. ಟ್ಯಾವನರ್ ಆಧುನಿಕತೆಯನ್ನು ಬಿಟ್ಟು ಸರಳತೆಗೆ ಬಂದ. ಹಾರ್ವೆ ಆಧುನಿಕತೆಯ ಒಳಗೇ ಇನ್ನಷ್ಟು ಆಳಕ್ಕೆ ಇಳಿದ. ಜನಪ್ರಿಯತೆಯ ಲೆಕ್ಕದಲ್ಲಿ ಇಬ್ಬರಿಗೂ ಹೋಲಿಕೆಯಿಲ್ಲ, ಆದರೆ ಹೆಚ್ಚು ಕಷ್ಟದ ದಾರಿ ಹಾರ್ವೆಯದು ಎಂದೇ ನಾನು ನಂಬಿದ್ದೇನೆ.

ಅವನ ಕೃತಿಗಳ ಮುಂದಿರುವ ಅಪಾಯ ಒಂದಿದೆ. ಸ್ವರಲಿಪಿ ಕಾಗದದ ಮೇಲೆ ಮುನ್ನೂರು ವರ್ಷ ಬಾಳುತ್ತದೆ, ಕಂಪ್ಯೂಟರ್ ಪ್ರೋಗ್ರಾಂ ಇಪ್ಪತ್ತು ವರ್ಷ ಬಾಳಿದರೆ ಹೆಚ್ಚು. ಟೇಪಿನಲ್ಲಿದ್ದದ್ದನ್ನು ಡಿಜಿಟಲ್ ಕಡತಕ್ಕೆ ಇಳಿಸಿಕೊಳ್ಳುವುದು ಸುಲಭ. ನುಡಿಸುತ್ತಿರುವಾಗಲೇ ವಾದ್ಯದ ಸದ್ದನ್ನು ಬದಲಿಸುವ 'ಸ್ಪೀಕಿಂಗ್ಸ್'ನಂಥ ಕೃತಿಗಳಿಗೆ ಪ್ರತಿ ಸಲ ಯಂತ್ರ ಬದಲಾದಾಗಲೂ ಬಲ್ಲವರು ಯಾರೋ ಕೂತು ಹೊಸದಾಗಿ ಹೊಂದಿಸಬೇಕಾಗುತ್ತದೆ. ಅದಕ್ಕೆ ಸಂಸ್ಥೆ ಬೇಕು, ಹಣ ಬೇಕು, ಶ್ರದ್ಧೆ ಬೇಕು. ಗಾಯಕವೃಂದಕ್ಕೆ ಬರೆದವಕ್ಕೆ ಈ ತೊಂದರೆಯಿಲ್ಲ. 'ಕಮ್, ಹೋಲಿ ಗೋಸ್ಟ್' ಎಂಬ 1984ರ ಕೃತಿಯನ್ನು ಒಳ್ಳೆಯ ಗಾಯಕವೃಂದ ಯಾವುದಾದರೂ ಹಾಡಬಹುದು, ಹಲವು ಹಾಡುತ್ತಲೂ ಇವೆ.

ಕೇಳಬೇಕೆನ್ನುವವರು 'ಐ ಲವ್ ದಿ ಲಾರ್ಡ್'ನಿಂದ ಶುರುಮಾಡುವುದು ಒಳ್ಳೆಯದು. ಆಮೇಲೆ ಗಂಟೆಯ ಕೃತಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಎರಡು ಸಲ. ಅದಾದ ಮೇಲೆ 'ಸಾಂಗ್ ಆಫರಿಂಗ್ಸ್', 'ಸ್ಪೀಕಿಂಗ್ಸ್'. 'ಭಕ್ತಿ'ಯನ್ನು ಹೆಸರು ನೋಡಿ ಮೊದಲೇ ಕೈಗೆತ್ತಿಕೊಂಡರೆ ನಿರಾಶೆಯಾಗುವ ಸಂಭವ ಹೆಚ್ಚು. ಕಿವಿ ಸ್ವಲ್ಪ ಪಳಗಿದ ಮೇಲೆ ಬಿಡುವಾದ ಒಂದು ಸಂಜೆಯನ್ನು ಅದಕ್ಕೆಂದೇ ಇಟ್ಟುಕೊಳ್ಳಬೇಕು.